ಮಕ್ಕಳ ಭೇದಿಯ ಮಾದರಿಯಲ್ಲಿ ಹೊಸ ವೈರಸ್ ಹುಡುಕುವ ಬಗೆ

ಹೊಸದನ್ನು ಹುಡುಕುವ ಮುನ್ನ ಹಳೆಯದನ್ನು ಬದಿಗೆ ಸರಿಸಬೇಕು. ರೋಟಾ, ನೊರೊ, ಸಪೊ, ಆಸ್ಟ್ರೊ, ಅಡೆನೊ 40 ಮತ್ತು 41: ಭೇದಿ ತರುವ ಈ ಪರಿಚಿತ ವೈರಸ್‌ಗಳ ಪರೀಕ್ಷೆಯಲ್ಲೂ ಬ್ಯಾಕ್ಟೀರಿಯಾ ತಪಾಸಣೆಯಲ್ಲೂ ಏನೂ ಸಿಗದ ಮಾದರಿಗಳನ್ನೇ ನಾನು ಆರಿಸಿಕೊಳ್ಳುತ್ತೇನೆ. ಪೋಷಕರ ಒಪ್ಪಿಗೆಯಿಲ್ಲದ ಡಬ್ಬಿಯನ್ನು ಮುಟ್ಟುವುದಿಲ್ಲ. ಬಂದ ಕೂಡಲೇ ಸಣ್ಣ ಸಣ್ಣ ಪಾಲುಗಳಾಗಿ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಮತ್ತೆ ಮತ್ತೆ ಕರಗಿಸಿದರೆ ಹಲವು ವೈರಸ್‌ಗಳ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಒಡೆಯುತ್ತದೆ.

ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ಮಲವನ್ನು ಬಫರ್ ದ್ರಾವಣದಲ್ಲಿ ಹತ್ತು ಪ್ರತಿಶತದಷ್ಟು ಕದಡಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಸೋಸಿ. 0.22 ಮೈಕ್ರಾನ್ ಸೋಸಕ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ತಡೆಯುತ್ತದೆ, ದೊಡ್ಡ ವೈರಸ್‌ಗಳನ್ನೂ ತಡೆದುಬಿಡಬಹುದು. ನನ್ನ ಒಲವು 0.45ರ ಕಡೆಗೆ.

ಮುಂದಿನದು ನನಗೆ ಬಹಳ ಇಷ್ಟವಾದ ಹಂತ. ತಿಳಿಗೆ ಡಿಎನ್‌ಎ, ಆರ್‌ಎನ್‌ಎಗಳನ್ನು ಕತ್ತರಿಸುವ ಡಿಎನ್‌ಏಸ್, ಆರ್‌ಎನ್‌ಏಸ್ ಕಿಣ್ವಗಳನ್ನು ಸೇರಿಸಿದರೆ ಮಗುವಿನದೂ ಬ್ಯಾಕ್ಟೀರಿಯಾದ್ದೂ ಆದ ಬೆತ್ತಲೆ ತುಣುಕುಗಳು ಬಹುಪಾಲು ಕರಗಿಹೋಗುತ್ತವೆ. ಪ್ರೋಟೀನ್ ಕವಚದೊಳಗಿನ ವೈರಸ್ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ವಸ್ತು, ಉಳಿಯುತ್ತದೆ. ಅದನ್ನು ಹೊರತೆಗೆದು, ಆರ್‌ಎನ್‌ಎಯನ್ನು ಡಿಎನ್‌ಎ ಆಗಿಸಿ, ಯಾದೃಚ್ಛಿಕ ಪ್ರೈಮರ್‌ಗಳಿಂದ (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕುಗಳಿಂದ) ಅದರ ಪ್ರತಿಗಳನ್ನು ಹೆಚ್ಚಿಸಿ ಸೀಕ್ವೆನ್ಸಿಂಗ್‌ಗೆ, ಅಂದರೆ ಅದರ ಅಕ್ಷರಗಳ ಸಾಲನ್ನು ಓದಿಸಲು, ಕಳಿಸಿ. ಗೊತ್ತಿರುವ ವೈರಸ್‌ಗೆಂದೇ ಮಾಡಿದ ಪ್ರೈಮರ್ ಗೊತ್ತಿರುವುದನ್ನೇ ಹಿಡಿದು ತರುತ್ತದೆ.

ಪ್ರತಿ ಸರದಿಯಲ್ಲೂ ಒಂದು ಕೊಳವೆಯಲ್ಲಿ ಬರೀ ಶುದ್ಧ ನೀರಿಟ್ಟು ಅದನ್ನೂ ಎಲ್ಲ ಹಂತಗಳಲ್ಲಿ ಸಾಗಿಸಿ. ಇದನ್ನು ದುಂದುವೆಚ್ಚ ಎನ್ನುವವರೊಡನೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಹೆಪಟೈಟಿಸ್ ರೋಗಿಗಳಲ್ಲಿ ಸಿಕ್ಕಿತೆಂದು ಸುದ್ದಿಯಾದ ಪಾರ್ವೊವೈರಸ್ ಹೋಲುವ ಒಂದು ವೈರಸ್, ಜೀನೋಮ್ ಹೊರತೆಗೆಯುವ ಕಿಟ್‌ನ ಸಿಲಿಕಾ ಕಾಲಮ್‌ನಿಂದಲೇ ಬಂದಿತ್ತೆಂದು 2013ರಲ್ಲಿ ಬಯಲಾಯಿತು. ನೀರಿನಲ್ಲೂ ಕಂಡದ್ದನ್ನು ಹೊಡೆದುಹಾಕಿ. ಊಟದ ಮೂಲಕ ಬಂದ ಸಸ್ಯ ವೈರಸ್‌ಗಳೂ ಧಾರಾಳವಾಗಿ ಸಿಗುತ್ತವೆ. ಮೆಣಸಿನ ಗಿಡದ ಒಂದು ವೈರಸ್ ಮನುಷ್ಯರ ಮಲದಲ್ಲಿ ಹೇರಳವಾಗಿದೆಯೆಂದು 2006ರಲ್ಲೇ ತಿಳಿದಿತ್ತು.

ಉಳಿದ ಓದುಗಳನ್ನು, ಅಂದರೆ ಸೀಕ್ವೆನ್ಸಿಂಗ್‌ನಲ್ಲಿ ಸಿಕ್ಕ ಅಕ್ಷರಗಳ ಸಾಲುಗಳನ್ನು, ಪ್ರೋಟೀನ್ ಅನುಕ್ರಮಗಳಾಗಿ ಅನುವಾದಿಸಿ ದತ್ತಾಂಶಕೋಶದೊಡನೆ ಹೋಲಿಸಿ. ನ್ಯೂಕ್ಲಿಯೋಟೈಡ್ (ಡಿಎನ್‌ಎ ಅಕ್ಷರ) ಮಟ್ಟದಲ್ಲಿ ಗುರುತೇ ಸಿಗದಷ್ಟು ದೂರದ ಸಂಬಂಧಿಗಳು ಇಲ್ಲಿ ಸಿಕ್ಕಿಬೀಳುತ್ತವೆ. 2012ರಲ್ಲಿ ವರದಿಯಾದ ಬುಫಾವೈರಸ್ ಬುರ್ಕಿನಾ ಫಾಸೋದ ಮಕ್ಕಳ ಭೇದಿ ಮಾದರಿಗಳ ಸೀಕ್ವೆನ್ಸಿಂಗ್‌ನಿಂದಲೇ ಹೊರಬಂತು. ಜೀನೋಮಿನಲ್ಲಿ ಓದಲು ಸಿಗದೆ ಉಳಿದ ತೆರಪುಗಳನ್ನು ಪಿಸಿಆರ್‌ನಿಂದ (ಬೇಕಾದ ಡಿಎನ್‌ಎ ಭಾಗದ ಪ್ರತಿಗಳನ್ನು ಹೆಚ್ಚಿಸುವ ವಿಧಾನದಿಂದ) ತುಂಬಿ, ಫ್ರೀಜರಿನಲ್ಲಿಟ್ಟ ಇನ್ನೊಂದು ಪಾಲಿನಿಂದ ಮೊದಲಿನಿಂದ ಮತ್ತೊಮ್ಮೆ ಹೊರತೆಗೆದು ಖಚಿತಪಡಿಸಿಕೊಳ್ಳಿ.

ಇಷ್ಟಾದರೂ ಭೇದಿಗೆ ಅದೇ ಕಾರಣವೆಂದು ಬರೆಯಬೇಡಿ. 1973ರಲ್ಲಿ ವಿಜ್ಞಾನಿ ರೂತ್ ಬಿಷಪ್ ಮತ್ತು ಸಂಗಡಿಗರು ಮೆಲ್ಬರ್ನ್‌ನಲ್ಲಿ ರೋಟಾವೈರಸ್ಸನ್ನು ಕಂಡದ್ದು ಕಾಯಿಲೆಬಿದ್ದ ಮಕ್ಕಳ ಕರುಳಿನ ಜೀವಕೋಶಗಳೊಳಗೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. ನಮ್ಮ ಕೈಯಲ್ಲಿರುವುದು ಬರೀ ಅಕ್ಷರಗಳ ಸಾಲು. ಅದೇ ವಯಸ್ಸಿನ, ಅದೇ ಪ್ರದೇಶದ, ಅದೇ ಋತುವಿನ ಆರೋಗ್ಯವಂತ ಮಕ್ಕಳ ಮಲದಲ್ಲೂ ಹುಡುಕಿ. 2008ರಲ್ಲಿ ವರದಿಯಾದ ಕೊಸಾವೈರಸ್ ಆರೋಗ್ಯವಂತ ಮಕ್ಕಳಲ್ಲೂ ಇತ್ತು. ಎರಡೂ ಗುಂಪುಗಳಲ್ಲಿ ವ್ಯತ್ಯಾಸ ಕಂಡರೆ ಮಾತ್ರ, ಕಾಯಿಲೆಯ ಆರಂಭದ ಮತ್ತು ಚೇತರಿಕೆಯ ನಂತರದ ರಕ್ತದಲ್ಲಿ ಪ್ರತಿಕಾಯ ಏರಿದೆಯೇ ಎಂದು ನೋಡುವ ಕೆಲಸಕ್ಕೆ ಕೈಹಾಕಿ.