ಗೋಣಿಚೀಲದ ಅಂಕಲ್

ನಾನು ಬೆಂಗ್ಳೂರಲ್ಲಿ ಯುಕೆಜಿ ಮಕ್ಕಳಿಗೆ ಪಾಠ ಮಾಡೋಳು. ನಮ್ ಸ್ಕೂಲ್ ರಸ್ತೆಲಿ ವಯಸ್ಸಾದವ್ರೊಬ್ರು ಗೋಣಿಚೀಲ ಹಿಡ್ಕೊಂಡು ಬಾಟ್ಲಿ, ರಟ್ಟು ಆಯ್ತಿರ್ತಾರೆ, ರಾತ್ರಿ ಅಂಗಡಿ ಶಟರ್ ಮುಂದೇನೇ ಮಲಗೋದು. ಅವ್ರು ಗೇಟ್ ಹತ್ರ ಬಂದ್ರೆ ಸಾಕು ಮಕ್ಕಳು ನನ್ ಸೀರೆ ಹಿಂದೆ ಬಚ್ಚಿಟ್ಕೊಳ್ಳೋವು. ಯಾಕ್ರೋ ಅಂದ್ರೆ "ಮಕ್ಕಳನ್ನ ಚೀಲಕ್ಕೆ ಹಾಕ್ಕೊಂಡ್ ಹೋಗ್ತಾರೆ ಮಿಸ್." ಇದನ್ನ ಹೇಳ್ಕೊಟ್ಟೋರು ಯಾರು? ನಾವೇ. ನನ್ ಮಗನಿಗೆ ತುತ್ತು ತಿನ್ನಿಸ್ತಾ ನಾನೂ ಎಷ್ಟ್ ಸಲ "ಗೋಣಿಚೀಲದವ್ನಿಗೆ ಕೊಟ್ಬಿಡ್ತೀನಿ ನೋಡು" ಅಂದಿದೀನೋ ಲೆಕ್ಕ ಇಲ್ಲ.

ಮೊದ್ಲು ಮಾಡಿದ್ದು ಶುದ್ಧ ತಪ್ಪು. ಮಕ್ಕಳ ಕೈಲಿ ಬಿಸ್ಕೆಟ್ ಕೊಡಿಸಿ ಫೋಟೋ ತೆಗ್ದು ಪೇರೆಂಟ್ಸ್ ಗ್ರೂಪಿಗೆ ಹಾಕ್ದೆ, ಎಲ್ರೂ ಹಾರ್ಟ್ ಒತ್ತಿದ್ರು. ಫೋಟೋದಲ್ಲಿ ಅವ್ರು ಮುಖ ಆ ಕಡೆ ತಿರುಗಿಸ್ಕೊಂಡಿದ್ದು ನಂಗೆ ಕಂಡಿದ್ದು ರಾತ್ರಿ. ಡಿಲೀಟ್ ಮಾಡ್ದೆ. ಮಕ್ಕಳ ಭಯಾನೂ ಹೋಗಿರ್ಲಿಲ್ಲ, ಪ್ಯಾಕೆಟ್ ತುದಿ ಹಿಡಿದು ಕೊಟ್ಟು ಓಡಿ ಬಂದಿದ್ವು ಅಷ್ಟೆ.

ಆಮೇಲೆ ಕ್ಲಾಸಲ್ಲಿ ನೆಲದ್ ಮೇಲೆ ಚಾಕ್‌ಪೀಸಲ್ಲಿ ಒಂದು ಚಾಪೆ ಅಗಲ ಗೆರೆ ಎಳ್ದೆ, ಇದೇ ನಿಮ್ಮನೆ, ನಾಲ್ಕು ಜನ ಬ್ಯಾಗು ಚಪ್ಪಲಿ ನೀರಿನ ಬಾಟ್ಲಿ ಸಮೇತ ಇದ್ರೊಳಗೇ ಇರ್ಬೇಕು ಅಂದೆ. ಐದ್ ನಿಮಿಷ ನಗು. "ಈಗ ಮಳೆ ಬಂತು" ಅಂದೆ. ಒಬ್ಬ ಬ್ಯಾಗ್ ತಲೆ ಮೇಲಿಟ್ಕೊಂಡ, ಒಬ್ಳು "ಮಿಸ್, ಸುಸು ಎಲ್ಲಿ ಮಾಡೋದು?" ಅಂದ್ಲು. ನಾನು ಪ್ಲಾನ್ ಮಾಡಿದ್ದ ಯಾವ ಪ್ರಶ್ನೆಗೂ ಇಷ್ಟು ತೂಕ ಇರ್ಲಿಲ್ಲ.

ಮನೆ ಯಾಕಿಲ್ಲ ಅಂತ ಕೇಳೇ ಕೇಳ್ತಾರೆ. ಕೆಲಸ ಹೋಗತ್ತೆ, ಕಾಯಿಲೆ ಬರತ್ತೆ, ಬಾಡಿಗೆ ಕಟ್ಟಕ್ಕಾಗಲ್ಲ ಅಂದೆ. ಅಡ್ವಾನ್ಸು, ಓನರ್ ಅನ್ನೋದು ಬೆಂಗ್ಳೂರಿನ ಮಕ್ಕಳಿಗೆ ವಿವರಿಸೋದೇ ಬೇಡ. ಆವಾಗ್ಲೇ ಒಬ್ಬ ಮೆಲ್ಲಗೆ "ನಮ್ಗೂ ಓನರ್ ಖಾಲಿ ಮಾಡಿ ಅಂದಿದಾರೆ" ಅಂದ. ಅವತ್ತಿಂದ "ನಮಗೆಲ್ಲ ಮನೆ ಇದೆ, ಅವ್ರಿಗೆ ಇಲ್ಲ" ಅನ್ನೋ ಮಾತು ನಾನು ಕ್ಲಾಸಲ್ಲಿ ಆಡಿಲ್ಲ. ಭಿಕ್ಷುಕರು ಅಂತಾನೂ ಅನ್ನಲ್ಲ, "ಈಗ ಮನೆ ಇಲ್ಲದವ್ರು" ಅಂತೀವಿ.

ಒಬ್ರು ಪೇರೆಂಟ್ ಬಂದು, ಇಷ್ಟ್ ಚಿಕ್ಕವ್ರಿಗೆ ಇದೆಲ್ಲ ಬೇಕಾ, ಅವ್ರೆಲ್ಲ ಸೋಮಾರಿಗಳು ಅಂದ್ರು. 2011ರ ಜನಗಣತಿಲಿ ಫೆಬ್ರವರಿ 28ರ ರಾತ್ರಿ ಮನೆ ಇಲ್ಲದವ್ರನ್ನ ಎಣಿಸಿದಾಗ ದೇಶದಲ್ಲಿ 17 ಲಕ್ಷದ ಮೇಲಿದ್ರು, ಅಷ್ಟೂ ಜನ ಸೋಮಾರಿಗಳಾ ಅಂದೆ, ರಾಯಚೂರು ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಕಟ್ಟೋ ಬಿಲ್ಡಿಂಗ್ ಪಕ್ಕದಲ್ಲೇ ಟಾರ್ಪಾಲ್ ಕಟ್ಕೊಂಡಿರೋರನ್ನ ನೀವೂ ದಿನಾ ನೋಡ್ತೀರಲ್ಲ ಅಂದೆ. ಒಪ್ಪಿದ್ರೋ ಇಲ್ವೋ, ಸುಮ್ನೆ ಹೋದ್ರು.

ದೊಡ್ಡೋರು ಜೊತೆಗಿಲ್ದೆ ಹೊಸಬರ ಹತ್ರ ಹೋಗಂಗಿಲ್ಲ ಅನ್ನೋ ರೂಲ್ ಹಾಗೇ ಇದೆ, ಅದನ್ನ ಸಡಿಲ ಮಾಡಿಲ್ಲ. ಆದ್ರೆ ಗೇಟಲ್ಲಿ ನಾನಿರುವಾಗ ನಮಸ್ಕಾರ ಹೇಳ್ಬೋದು. ಊಟ ಆಯ್ತಾ ಅಂತ ಕೇಳೋದು ಬೇಡ ಅಂದ್ಕೊಂಡಿದ್ದೆ, ಇಲ್ಲ ಅಂದ್ಬಿಟ್ರೆ ಏನ್ ಮಾಡೋದು? ನಾವು ಎಲ್ರಿಗೂ ಬಾಯ್ಮಾತಿಗೆ ಕೇಳೋ ಪ್ರಶ್ನೆ ಅದು. ಆದ್ರೆ ಒಬ್ಬ ಕೇಳೇಬಿಟ್ಟ, "ಅಂಕಲ್, ತಿಂಡಿ ಆಯ್ತಾ?"

"ಆಯ್ತಪ್ಪ, ಇಂದಿರಾ ಕ್ಯಾಂಟೀನಲ್ಲಿ ಇಡ್ಲಿ. ನಿಂದು?"

"ನಂಗೆ ಉಪ್ಪಿಟ್ಟು ಅಂಕಲ್," ಅಂದ ಮುಖ ಕಿವುಚ್ಕೊಂಡು. ಅವ್ರು ಚೀಲ ಕೆಳಗಿಟ್ಟು ಜೋರಾಗಿ ನಕ್ರು.