32 ಬಿಟ್‌ನಿಂದ 64 ಬಿಟ್‌ಗೆ ಮೇಲ್ ಸರ್ವರ್ ಸ್ಥಳಾಂತರ: ಪೋಸ್ಟ್‌ಫಿಕ್ಸ್, ಡವ್‌ಕಾಟ್ ನಡೆಸುವವರಿಗೆ

ಡೆಬಿಯನ್ ಲಿನಕ್ಸ್‌ನ ಮೇಲೆ ವರ್ಷಗಟ್ಟಲೆಯಿಂದ ಓಡುತ್ತಿರುವ 32 ಬಿಟ್ ಮೇಲ್ ಸರ್ವರ್‌ಗಳಿಗೆ 12ನೇ ಆವೃತ್ತಿಯೇ ಕೊನೆಯ ನಿಲ್ದಾಣ. 2025ರ ಆಗಸ್ಟ್‌ನಲ್ಲಿ ಹೊರಬಂದ 13ನೇ ಆವೃತ್ತಿಯಲ್ಲಿ ಐ386 (ಇಂಟೆಲ್ ಬಗೆಯ 32 ಬಿಟ್ ಪಿಸಿ) ವಿಭಾಗಕ್ಕೆ ಕರ್ನಲ್ ಆಗಲಿ ಇನ್‌ಸ್ಟಾಲರ್ ಆಗಲಿ ಇಲ್ಲ. 64 ಬಿಟ್ ಯಂತ್ರದ ಮೇಲೆ ಹಳೆಯ 32 ಬಿಟ್ ತಂತ್ರಾಂಶಗಳನ್ನು ಓಡಿಸುವ ಸಲುವಾಗಿ ಮಾತ್ರ ಆ ವಿಭಾಗವನ್ನು ಉಳಿಸಿಕೊಳ್ಳಲಾಗಿದೆ. ಉಳಿದ 32 ಬಿಟ್ ವಿಭಾಗಗಳನ್ನು 64 ಬಿಟ್ ಕಾಲಗಣನೆಗೆ ಬದಲಿಸಿದಾಗಲೂ ಐ386ಅನ್ನು ಕೈಬಿಟ್ಟರು. ಹೀಗಾಗಿ 2038ರ ಜನವರಿ 19ರಂದು 32 ಬಿಟ್‌ನ ಸೆಕೆಂಡುಗಳ ಎಣಿಕೆ ತುಂಬಿ ಗಡಿಯಾರ ಉಕ್ಕಿಹರಿಯುವ ತೊಂದರೆ ಅಲ್ಲಿ ಹಾಗೆಯೇ ಉಳಿದಿದೆ. ಈ ಬರಹ ಪೋಸ್ಟ್‌ಫಿಕ್ಸ್ (ಪತ್ರಗಳನ್ನು ಕಳುಹಿಸಿ ಸ್ವೀಕರಿಸುವ ತಂತ್ರಾಂಶ) ಮತ್ತು ಡವ್‌ಕಾಟ್ (ಅವನ್ನು ಪೆಟ್ಟಿಗೆಯಲ್ಲಿಟ್ಟು ಬಳಕೆದಾರರಿಗೆ ಒದಗಿಸುವ ತಂತ್ರಾಂಶ) ಜೋಡಿಯನ್ನು ಇಟ್ಟುಕೊಂಡಿರುವ, ನೂರಾರು ಖಾತೆಗಳ ಒಳಗಿನ ಕಚೇರಿ ಅಥವಾ ಕಾಲೇಜಿನ ಸರ್ವರನ್ನು ಮನಸ್ಸಿನಲ್ಲಿಟ್ಟುಕೊಂಡಿದೆ.

ಮೊದಲು ನಿಮ್ಮ ಯಂತ್ರ ನಿಜಕ್ಕೂ ಯಾವ ಬಗೆಯದು ಎಂದು ನೋಡಿಕೊಳ್ಳಿ. ಯುನೇಮ್ ಆದೇಶ ಕರ್ನಲ್‌ನ ಸಂಗತಿಯನ್ನಷ್ಟೇ ಹೇಳುತ್ತದೆ. ಕರ್ನಲ್ 64 ಬಿಟ್ ಆಗಿದ್ದು ಅದರ ಮೇಲಿನ ತಂತ್ರಾಂಶವೆಲ್ಲ 32 ಬಿಟ್ ಆಗಿರುವುದು ಅಪರೂಪವೇನಲ್ಲ. ಆದ್ದರಿಂದ ಡೆಬಿಯನ್‌ನ ಪ್ಯಾಕೇಜ್ ಸಾಧನವಾದ ಡಿಪಿಕೆಜಿ ತನ್ನ ಆರ್ಕಿಟೆಕ್ಚರ್ ಏನೆಂದು ಹೇಳುತ್ತದೆ ಎಂಬುದನ್ನು ನಂಬಿ. ಪ್ರೊಸೆಸರ್ 64 ಬಿಟ್ ಬಲ್ಲದೇ ಎಂಬುದನ್ನು ಎಲ್‌ಎಸ್‌ಸಿಪಿಯು ತಿಳಿಸುತ್ತದೆ. ಎಎಂಡಿ ತನ್ನ ಮೊದಲ 64 ಬಿಟ್ ಆಪ್ಟೆರಾನ್ ಚಿಪ್ಪನ್ನು ತಂದದ್ದು 2003ರಲ್ಲಿ. ಹಾಗಾಗಿ ಈಗಲೂ ಬದುಕಿರುವ ಬಹುಪಾಲು ಸರ್ವರ್‌ಗಳ ಯಂತ್ರಾಂಶ 64 ಬಿಟ್ಟಿನದೇ, ಹಳೆಯದಾಗಿರುವುದು ಅದರ ಮೇಲಿನ ಸ್ಥಾಪನೆ ಮಾತ್ರ.

ಈ ಕಾರಣಕ್ಕೆ ಇದ್ದ ಜಾಗದಲ್ಲೇ ಒಂದೊಂದಾಗಿ ಪ್ಯಾಕೇಜುಗಳನ್ನು ಬದಲಿಸುತ್ತಾ ಹೋಗುವ ಆಸೆ ಹುಟ್ಟುತ್ತದೆ. ಅದು ಸಾಧ್ಯವಿದ್ದರೂ, ಅರ್ಧದಾರಿಯಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೂ ಬರಲಾಗದ, ಮುಂದಕ್ಕೂ ಹೋಗಲಾಗದ ಕೆಲಸ. ಮೇಲ್ ಸರ್ವರ್‌ಗೆ ನಾನು ಅದನ್ನು ಸೂಚಿಸುವುದಿಲ್ಲ. ಹೊಸ ಯಂತ್ರವನ್ನೋ ಹೊಸ ವರ್ಚುವಲ್ ಯಂತ್ರವನ್ನೋ ಪಕ್ಕದಲ್ಲಿ ನಿಲ್ಲಿಸಿ, ಹಳೆಯದು ಓಡುತ್ತಿರುವಾಗಲೇ ಅಂಚೆಯನ್ನು ಅಲ್ಲಿಗೆ ಸಾಗಿಸಿ.

ಹೊಸ ಯಂತ್ರಕ್ಕೆ ಯಾವ ಆವೃತ್ತಿ ಎಂಬ ಪ್ರಶ್ನೆಯಲ್ಲಿ ಸ್ವಲ್ಪ ಸಂಯಮ ಬೇಕು. ಡೆಬಿಯನ್ 13ರಲ್ಲಿ ಬರುವುದು ಡವ್‌ಕಾಟ್ 2.4. ಅದು 2.3ರ ಸಂರಚನಾ ಕಡತಗಳನ್ನು ಒಪ್ಪುವುದಿಲ್ಲ: ಕಡತದ ಆರಂಭದಲ್ಲೇ ಸಂರಚನೆಯ ಆವೃತ್ತಿಯನ್ನು ಘೋಷಿಸಬೇಕು, ಅಂಚೆ ಇರುವ ಜಾಗವನ್ನು ಹೇಳುವ ಒಂದೇ ಸಾಲು ಈಗ ಬೇರೆಬೇರೆ ಸಾಲುಗಳಾಗಿ ಒಡೆದಿದೆ, ಪ್ರಮಾಣಪತ್ರದ ಆಯ್ಕೆಗಳ ಹೆಸರೂ ಬದಲಾಗಿದೆ. ಆರ್ಕಿಟೆಕ್ಚರ್ ಮತ್ತು ತಂತ್ರಾಂಶದ ತಲೆಮಾರು ಎರಡನ್ನೂ ಒಂದೇ ರಾತ್ರಿ ಬದಲಿಸಿದರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಹಳೆಯದನ್ನು ಮೊದಲು ಡೆಬಿಯನ್ 12ಕ್ಕೆ ತಂದು, ಹೊಸ ಯಂತ್ರದಲ್ಲಿಯೂ 12ರ 64 ಬಿಟ್ ಆವೃತ್ತಿಯನ್ನೇ ಹಾಕಿ, ಸ್ಥಳಾಂತರ ತಣ್ಣಗಾದ ಮೇಲೆ 13ಕ್ಕೆ ಏರಿಸುವುದು ನಿಧಾನವಾದರೂ ನೆಮ್ಮದಿಯ ದಾರಿ.

ಇನ್ನು ಏನನ್ನು ಹಾಗೆಯೇ ಒಯ್ಯಬಹುದು, ಏನನ್ನು ಒಯ್ಯಬಾರದು ಎಂಬುದು. ಪಠ್ಯರೂಪದ ಕಡತಗಳೆಲ್ಲ ಹಾಗೆಯೇ ಹೋಗುತ್ತವೆ: ಸಂರಚನೆಗಳು, ಅಲಿಯಾಸ್ ಪಟ್ಟಿ, ಹ್ಯಾಶ್ ರೂಪದ ಪಾಸ್‌ವರ್ಡ್‌ಗಳು, ಹೊರಹೋಗುವ ಪತ್ರಗಳಿಗೆ ಸಹಿ ಹಾಕುವ ಡಿಕಿಮ್ ಕೀಲಿ, ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಟಿಎಲ್‌ಎಸ್ ಪ್ರಮಾಣಪತ್ರ. ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಳಸುವವರು ಅದರ ಇಡೀ ಕೋಶವನ್ನು ಸಾಂಕೇತಿಕ ಕೊಂಡಿಗಳ ಸಮೇತ ಒಯ್ಯಬೇಕು; ಡೊಮೇನ್ ಇನ್ನೂ ಹಳೆಯ ಯಂತ್ರವನ್ನೇ ತೋರಿಸುತ್ತಿರುವಾಗ ವೆಬ್ ಮೂಲಕದ ಪರಿಶೀಲನೆಯಿಂದ ಹೊಸ ಪ್ರಮಾಣಪತ್ರ ಸಿಗುವುದಿಲ್ಲ. ಬೈನರಿ ಕಡತಗಳ ವಿಷಯದಲ್ಲಿ ಮಾತ್ರ ಅನುಮಾನವೇ ಕ್ಷೇಮ. ಪೋಸ್ಟ್‌ಫಿಕ್ಸ್‌ನ ಕೋಷ್ಟಕಗಳನ್ನು ಮೂಲ ಪಠ್ಯದಿಂದ ಪೋಸ್ಟ್‌ಮ್ಯಾಪ್ ಮತ್ತು ನ್ಯೂಅಲಿಯಾಸಸ್ ಆದೇಶಗಳಿಂದ ಮತ್ತೆ ಕಟ್ಟಿ. ಎಲ್‌ಎಂಡಿಬಿ ಬಗೆಯ ಕಡತವಂತೂ 32 ಮತ್ತು 64 ಬಿಟ್‌ಗಳ ನಡುವೆ ಹೊಂದುವುದೇ ಇಲ್ಲ. ಪೋಸ್ಟ್‌ಗ್ರೆಸ್ ದತ್ತಾಂಶ ಕೋಶವೂ ಅಷ್ಟೇ. ಮರಿಯಾಡಿಬಿ ಇದ್ದರೂ ಕಡತಗಳನ್ನು ನಕಲಿಸದೆ ಡಂಪ್ ತೆಗೆದು ತುಂಬಿ. ಸ್ಪ್ಯಾಮ್ ಸೋಸುವ ಸ್ಪ್ಯಾಮ್‌ಅಸಾಸಿನ್ ಕಲಿತಿರುವ ಬೇಯ್ಸ್ ಮಾಹಿತಿಗೆ ಅದರದ್ದೇ ಬ್ಯಾಕಪ್ ಮತ್ತು ರಿಸ್ಟೋರ್ ಆಯ್ಕೆಗಳಿವೆ. ಪತ್ರಗಳನ್ನು ವಿಂಗಡಿಸುವ ಸಿವ್ ನಿಯಮಗಳ ಸಂಕಲಿತ ರೂಪವನ್ನು ಬಿಟ್ಟು ಮೂಲವನ್ನಷ್ಟೇ ಒಯ್ಯಿರಿ. ಬಳಕೆದಾರರ ನಿಯಮಗಳನ್ನು ಡವ್‌ಕಾಟ್ ತಾನೇ ಮತ್ತೆ ಸಂಕಲಿಸಿಕೊಳ್ಳುತ್ತದೆ, ಆದರೆ ಎಲ್ಲರಿಗೂ ಅನ್ವಯಿಸುವ ನಿಯಮಗಳ ಕೋಶಕ್ಕೆ ಬರೆಯುವ ಅನುಮತಿ ಅದಕ್ಕಿರುವುದಿಲ್ಲವಾದ್ದರಿಂದ ಅವನ್ನು ರೂಟ್ ಆಗಿ ನೀವೇ ಸಂಕಲಿಸಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅಂಚೆಯ ಸಂಗ್ರಹದಲ್ಲಿ. ಪ್ರತಿ ಫೋಲ್ಡರ್‌ಗೂ ಒಂದು ಯುಐಡಿ ವ್ಯಾಲಿಡಿಟಿ ಸಂಖ್ಯೆ, ಅದರೊಳಗಿನ ಪ್ರತಿ ಸಂದೇಶಕ್ಕೂ ಒಂದು ಯುಐಡಿ ಇರುತ್ತದೆ. ಬಳಕೆದಾರರ ಥಂಡರ್‌ಬರ್ಡ್ ಅಥವಾ ಫೋನಿನ ಆ್ಯಪ್ ಯಾವ ಪತ್ರವನ್ನು ಆಗಲೇ ಇಳಿಸಿಕೊಂಡಿದೆ ಎಂದು ಗುರುತಿಸುವುದು ಇವುಗಳಿಂದಲೇ. ಇವು ಬದಲಾದರೆ ಸೋಮವಾರ ಬೆಳಿಗ್ಗೆ ಪ್ರತಿಯೊಬ್ಬರ ಯಂತ್ರವೂ ಇಡೀ ಅಂಚೆಪೆಟ್ಟಿಗೆಯನ್ನು ಮೊದಲಿನಿಂದ ಇಳಿಸಿಕೊಳ್ಳಲು ತೊಡಗಿ ಜಾಲವೇ ಕಟ್ಟಿಕೊಳ್ಳುತ್ತದೆ. ಪ್ರತಿ ಸಂದೇಶವನ್ನೂ ಒಂದೊಂದು ಕಡತವಾಗಿಡುವ ಮೇಲ್‌ಡಿರ್ ಬಗೆಯ ಸಂಗ್ರಹದಲ್ಲಿ ಈ ಸಂಖ್ಯೆಗಳು ಡವ್‌ಕಾಟ್ ಯುಐಡಿಲಿಸ್ಟ್ ಎಂಬ ಪಠ್ಯ ಕಡತದಲ್ಲಿರುತ್ತವೆ, ಓದಿದ್ದು ಓದದ್ದು ಎಂಬ ಗುರುತುಗಳು ಸಂದೇಶದ ಕಡತದ ಹೆಸರಿನಲ್ಲೇ ಇರುತ್ತವೆ. ಆದ್ದರಿಂದ ಅಲ್ಲಿ ಇಂಡೆಕ್ಸ್ ಕಡತಗಳನ್ನು ಬಿಟ್ಟು ಉಳಿದೆಲ್ಲವನ್ನೂ ಕಡತ ನಕಲಿಸುವ ಆರ್‌ಸಿಂಕ್‌ನಿಂದ ಒಯ್ದರೆ ಹೊಸ ಯಂತ್ರ ತನ್ನ ಇಂಡೆಕ್ಸನ್ನು ತಾನೇ ಕಟ್ಟಿಕೊಳ್ಳುತ್ತದೆ. ಆದರೆ ಡವ್‌ಕಾಟ್‌ನದೇ ಆದ ಎಸ್‌ಡಿಬಾಕ್ಸ್, ಎಂಡಿಬಾಕ್ಸ್ ಬಗೆಗಳಲ್ಲಿ ಗುರುತುಗಳು ಇರುವುದೇ ಇಂಡೆಕ್ಸ್‌ನಲ್ಲಿ. ಅಲ್ಲಿ ಅದನ್ನು ಅಳಿಸುವುದೆಂದರೆ ಮಾಹಿತಿಯನ್ನೇ ಕಳೆದುಕೊಂಡಂತೆ.

ಯಾವ ಬಗೆಯ ಸಂಗ್ರಹವಾದರೂ ನಡೆಯುವ ವಿಧಾನವೆಂದರೆ ಡವ್‌ಕಾಟ್‌ನ ನಿರ್ವಹಣಾ ಸಾಧನವಾದ ಡವ್‌ಅಡ್ಮ್‌ನ ಬ್ಯಾಕಪ್ ಆದೇಶವನ್ನು ಎಸ್‌ಎಸ್‌ಎಚ್ ಮೂಲಕ ಪ್ರತಿ ಬಳಕೆದಾರರಿಗೂ ಓಡಿಸುವುದು. ಅದು ಕಡತಗಳನ್ನಲ್ಲ, ಸಂದೇಶಗಳನ್ನು ಯುಐಡಿ ಸಮೇತ ಸಾಗಿಸುತ್ತದೆ, ಆದ್ದರಿಂದ ಆರ್ಕಿಟೆಕ್ಚರ್‌ನ ಪ್ರಶ್ನೆಯೇ ಏಳುವುದಿಲ್ಲ. ಮೊದಲ ಸುತ್ತು ದೀರ್ಘಕಾಲ ಹಿಡಿಯುತ್ತದೆ, ಮುಂದಿನವು ಬೇಗ ಮುಗಿಯುತ್ತವೆ. ಒಂದೇ ಅಪಾಯ: ಬ್ಯಾಕಪ್ ಎಂಬುದು ಗುರಿಯನ್ನು ಮೂಲದ ಪಡಿಯಚ್ಚಾಗಿಸುತ್ತದೆ, ಅಂದರೆ ಗುರಿಯಲ್ಲಿ ಹೆಚ್ಚುವರಿಯಾಗಿರುವುದನ್ನು ಅಳಿಸಿಬಿಡುತ್ತದೆ. ಹೊಸ ಯಂತ್ರಕ್ಕೆ ಹೊಸ ಪತ್ರಗಳು ಬರತೊಡಗಿದ ಮೇಲೆ ಈ ಆದೇಶವನ್ನು ಮತ್ತೆ ಮುಟ್ಟಬಾರದು. ಅನಿವಾರ್ಯವಾದರೆ ಏಕಮುಖ ಸಿಂಕ್ ಆದೇಶವನ್ನು ಬಳಸಬೇಕು.

ಆರ್‌ಸಿಂಕ್ ಬಳಸುವವರು ಮಾಲೀಕತ್ವವನ್ನು ಹೆಸರಿನಿಂದಲ್ಲದೆ ಸಂಖ್ಯೆಯಿಂದ ಕಾಯ್ದುಕೊಳ್ಳುವ ಆಯ್ಕೆಯನ್ನು ಕೊಡಬೇಕು, ಮತ್ತು ಅಂಚೆ ಕಡತಗಳ ಮಾಲೀಕನಾದ ವಿಮೇಲ್ ಬಳಕೆದಾರನ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕು. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳು ಡವ್‌ಕಾಟ್ 2.3ರ ಡಿಸ್ಕಿನ ಮೇಲೆ ಆಂಪರ್‌ಸ್ಯಾಂಡ್‌ನಿಂದ ಆರಂಭವಾಗಿ ಅಡ್ಡಗೆರೆಯಲ್ಲಿ ಮುಗಿಯುವ ಅರ್ಥವಾಗದ ಅಕ್ಷರಸಾಲಾಗಿ ಕಾಣುತ್ತವೆ. ಅದು ಐಮ್ಯಾಪ್‌ನ ಮಾರ್ಪಡಿಸಿದ ಯುಟಿಎಫ್-7 ಸಂಕೇತ. ಕೆಟ್ಟುಹೋಗಿದೆ ಎಂದು ಭಾವಿಸಿ ಹೆಸರು ತಿದ್ದಲು ಹೋಗಬೇಡಿ.

ಹೊಸ ಯಂತ್ರದಲ್ಲಿ ಇನ್ನೊಂದನ್ನು ನೋಡಬೇಕು. 64 ಬಿಟ್ ಪ್ರಕ್ರಿಯೆಗಳು ಅದೇ ಕೆಲಸಕ್ಕೆ ಸ್ವಲ್ಪ ಹೆಚ್ಚು ಮೆಮೊರಿ ಬೇಡುತ್ತವೆ, ಡವ್‌ಕಾಟ್ 2.3 ಪ್ರತಿ ಪ್ರಕ್ರಿಯೆಗೆ ಇಟ್ಟಿರುವ ಮೂಲ ಮಿತಿ 256 ಎಂಬಿ. ದೊಡ್ಡ ಪೆಟ್ಟಿಗೆಯ ಬಳಕೆದಾರರೊಬ್ಬರ ಸಂಪರ್ಕ ಮಾತ್ರ ಪದೇ ಪದೇ ಕಡಿದುಹೋಗಿ ಲಾಗ್‌ನಲ್ಲಿ ಮೆಮೊರಿ ಸಾಲದೆಂಬ ಸಾಲು ಕಂಡರೆ ಈ ಮಿತಿಯನ್ನು ಏರಿಸಿ.

ಐಪಿ ವಿಳಾಸ ಬದಲಾಗುವುದಾದರೆ ಡಿಎನ್‌ಎಸ್ ಕೆಲಸವನ್ನು ಕೆಲವು ದಿನ ಮುಂಚೆಯೇ ತೊಡಗಬೇಕು. ಎಂಎಕ್ಸ್ (ಡೊಮೇನಿನ ಮೇಲ್ ಸರ್ವರ್ ಯಾವುದೆಂದು ಹೇಳುವ) ಮತ್ತು ಎ (ಹೆಸರಿನ ಐಪಿ ವಿಳಾಸ ಹೇಳುವ) ದಾಖಲೆಗಳ ಟಿಟಿಎಲ್ ಅವಧಿಯನ್ನು, ಅಂದರೆ ಬೇರೆಯವರು ಅವನ್ನು ನೆನಪಿಟ್ಟುಕೊಳ್ಳುವ ಸಮಯವನ್ನು, 300 ಸೆಕೆಂಡಿಗೆ ಇಳಿಸಿ, ಡೊಮೇನಿನ ಪರವಾಗಿ ಯಾವ ವಿಳಾಸಗಳು ಪತ್ರ ಕಳುಹಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ಎರಡೂ ವಿಳಾಸಗಳನ್ನು ಸೇರಿಸಿ, ಹೊಸ ವಿಳಾಸಕ್ಕೆ ಹಿಮ್ಮುಖ ದಾಖಲೆ (ಐಪಿಯಿಂದ ಹೆಸರು ತಿಳಿಸುವುದು) ಮಾಡಿಕೊಡುವಂತೆ ಸಂಪರ್ಕ ಕೊಟ್ಟವರನ್ನು ಕೇಳಿ. ಕ್ಲೌಡ್‌ಗೆ ಹೋಗುತ್ತಿದ್ದರೆ ಹೊರಹೋಗುವ 25ನೇ ಪೋರ್ಟ್ ತೆರೆದಿದೆಯೇ ಎಂದು ಯಂತ್ರ ಕೊಳ್ಳುವ ಮುಂಚೆಯೇ ಕೇಳಬೇಕು. ಗೂಗಲ್ ಕ್ಲೌಡ್ ಮತ್ತು ಅಮೆಜಾನ್‌ನಲ್ಲಿ ಅದು ಮೂಲತಃ ಮುಚ್ಚಿರುತ್ತದೆ.

ಬದಲಾವಣೆಗೆ ಎರಡನೇ ಶನಿವಾರದ ರಜೆಯ ಹಿಂದಿನ ಸಂಜೆ ಒಳ್ಳೆಯದು, ಕೈಯಲ್ಲಿ ಎರಡು ದಿನ ಉಳಿಯುತ್ತದೆ. ಹಳೆಯ ಯಂತ್ರದಲ್ಲಿ ಡವ್‌ಕಾಟ್ ಸೇವೆಯನ್ನೇ ನಿಲ್ಲಿಸಬೇಡಿ, ಏಕೆಂದರೆ ಡವ್‌ಅಡ್ಮ್ ಬಳಕೆದಾರರ ವಿವರವನ್ನು ಕೇಳುವುದು ಆ ಸೇವೆಯನ್ನೇ. ಬದಲಿಗೆ 25, 465, 587, 110, 143, 993, 995ನೇ ಪೋರ್ಟುಗಳನ್ನು ಫೈರ್‌ವಾಲ್‌ನಲ್ಲಿ ಒಳಬರುವವರಿಗೆ ಮುಚ್ಚಿ. ಹೊರಗಿನ ಪತ್ರಗಳು ಕಳೆದುಹೋಗುವುದಿಲ್ಲ. ತಲುಪಿಸಲಾಗದ ಪತ್ರಕ್ಕೆ ಕನಿಷ್ಠ ನಾಲ್ಕೈದು ದಿನ ಮರುಪ್ರಯತ್ನ ಮಾಡಬೇಕೆಂದು ಎಸ್‌ಎಂಟಿಪಿ ಮಾನದಂಡವೇ ಕಳುಹಿಸುವ ಸರ್ವರ್‌ಗಳಿಗೆ ಹೇಳುತ್ತದೆ. ಸರದಿಯಲ್ಲಿರುವ ಒಳಗಿನ ಪತ್ರಗಳು ಪೆಟ್ಟಿಗೆ ಸೇರುವವರೆಗೆ ಕಾದು, ಕೊನೆಯ ಸುತ್ತಿನ ಬ್ಯಾಕಪ್ ಓಡಿಸಿ, ಒಂದೆರಡು ದೊಡ್ಡ ಪೆಟ್ಟಿಗೆಗಳಲ್ಲಿ ಸಂದೇಶಗಳ ಸಂಖ್ಯೆ ಮತ್ತು ಯುಐಡಿ ವ್ಯಾಲಿಡಿಟಿ ಎರಡೂ ಕಡೆ ಒಂದೇ ಇವೆಯೇ ಎಂದು ಹೋಲಿಸಿ ನೋಡಿ. ಆಮೇಲೆ ಡಿಎನ್‌ಎಸ್ ಬದಲಿಸಿ ಹೊಸದನ್ನು ತೆರೆಯಿರಿ.

ಟಿಟಿಎಲ್ ಇಳಿಸಿದರೂ ಕೆಲವರು ಹಳೆಯ ವಿಳಾಸಕ್ಕೇ ಕಳುಹಿಸುತ್ತಿರುತ್ತಾರೆ. ಹಳೆಯ ಪೋಸ್ಟ್‌ಫಿಕ್ಸ್‌ನಲ್ಲಿ ನಿಮ್ಮ ಡೊಮೇನನ್ನು ಸ್ಥಳೀಯ ಡೊಮೇನುಗಳಿಂದ ತೆಗೆದು ರಿಲೇ ಡೊಮೇನುಗಳಿಗೆ ಸೇರಿಸಿ, ಸರಿಯಾದ ವಿಳಾಸಗಳ ಪಟ್ಟಿಯನ್ನೂ ಅಲ್ಲಿ ಉಳಿಸಿಕೊಂಡು, ಟ್ರಾನ್ಸ್‌ಪೋರ್ಟ್ ಕೋಷ್ಟಕದಲ್ಲಿ ಹೊಸ ಐಪಿಯನ್ನು ಚೌಕ ಆವರಣದೊಳಗೆ ಬರೆದು 25ನೇ ಪೋರ್ಟನ್ನು ಮತ್ತೆ ತೆರೆಯಿರಿ. ಹೊಸ ಯಂತ್ರ ಹಳೆಯ ಯಂತ್ರದ ವಿಳಾಸವನ್ನು ನಂಬುವಂತೆಯೂ ಮಾಡಬೇಕು, ಇಲ್ಲವಾದರೆ ಹೀಗೆ ದಾಟಿಬಂದ ಪತ್ರಗಳು ಎಸ್‌ಪಿಎಫ್ ತಪಾಸಣೆಯಲ್ಲಿ ಬೀಳುತ್ತವೆ. ಸರದಿಯ ಕಡತಗಳನ್ನು ಹೊಸದಕ್ಕೆ ನಕಲಿಸುವ ಗೋಜಿಗೆ ಹೋಗಬೇಡಿ. ಅವುಗಳ ಹೆಸರು ಡಿಸ್ಕಿನ ಐನೋಡ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಪೋಸ್ಟ್‌ಫಿಕ್ಸ್‌ನ ಮೂಲ ಮಿತಿಯಂತೆ ಐದು ದಿನಗಳಲ್ಲಿ ಹಳೆಯ ಸರದಿ ತಾನಾಗಿಯೇ ಬರಿದಾಗುತ್ತದೆ.

ಸರದಿ ಬರಿದಾಗಿ, ಹಳೆಯ ಲಾಗ್‌ನಲ್ಲಿ ಹೊರಗಿನ ಸಂಪರ್ಕಗಳು ಸ್ಪ್ಯಾಮ್ ಕಳುಹಿಸುವವರದ್ದಷ್ಟೇ ಎಂದಾದ ಮೇಲೆ ಟಿಟಿಎಲ್ ಅನ್ನು ಮೊದಲಿನಂತೆ ಏರಿಸಿ, ಎಸ್‌ಪಿಎಫ್‌ನಿಂದ ಹಳೆಯ ವಿಳಾಸವನ್ನು ತೆಗೆಯಿರಿ. ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮುಂಚೆ ಡಿಸ್ಕನ್ನು ಪೂರ್ತಿಯಾಗಿ ಮೇಲುಬರೆದು ಅಳಿಸಬೇಕು, ಏಕೆಂದರೆ ಎಲ್ಲರ ಪತ್ರಗಳ ಜೊತೆಗೆ ಹೊಸ ಸರ್ವರ್ ಈಗಲೂ ಬಳಸುತ್ತಿರುವ ಡಿಕಿಮ್ ಮತ್ತು ಟಿಎಲ್‌ಎಸ್ ಕೀಲಿಗಳೂ ಅದರಲ್ಲಿರುತ್ತವೆ.