ಮುನಿಚರಿತ್ರೆ: ನಾನು ಕೊನೆಯಿಂದ ಬರೆಯುವುದು ಏಕೆ

ಶ್ರವಣಬೆಳಗೊಳದ ಮುನಿಗಳ ಬಗ್ಗೆ ಬರೆಯಲು ಕೂತಾಗ ಹುಟ್ಟೂರು, ತಂದೆ-ತಾಯಿ ಹುಡುಕಿಕೊಂಡು ಹೋಗುವುದಿಲ್ಲ. ಕಲ್ಲಿನಲ್ಲಿ ಉಳಿದಿರುವುದು ಹೆಚ್ಚಾಗಿ ಕೊನೆಯ ದಿನ, ಗುರುವಿನ ಹೆಸರು, ನಿಸಿಧಿ (ಸತ್ತವರ ನೆನಪಿನ ಕಲ್ಲು) ನಿಲ್ಲಿಸಿದವರ ಹೆಸರು. ಅಲ್ಲಿಂದ ಹಿಂದಕ್ಕೆ ನಡೆಯುತ್ತೇನೆ.

ಮೊದಲು ನೋಡುವುದು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಗ್ರಹದ ಎರಡನೆಯ ಸಂಪುಟ, ಶ್ರವಣಬೆಳಗೊಳದ್ದು. ಶಾಸನದ ಸಂಖ್ಯೆಯ ಪಕ್ಕದಲ್ಲೇ ಯಾವ ಆವೃತ್ತಿ ಎಂದು ಬರೆದಿಡಬೇಕು. ಅದನ್ನು ಮೊದಲು ಹೊರತಂದ ಬಿ.ಎಲ್. ರೈಸ್ 1889ರಲ್ಲಿ ಕೊಟ್ಟದ್ದು 144 ಶಾಸನ, ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500, 1973ರದ್ದರಲ್ಲಿ 573. ಸಂಖ್ಯೆಗಳೆಲ್ಲ ಅದಲುಬದಲು. ಬರೀ ‘ಶಾಸನ 47’ ಎಂದು ಗೀಚಿಕೊಂಡರೆ ಆರು ತಿಂಗಳ ಮೇಲೆ ನಮಗೇ ಸಿಗುವುದಿಲ್ಲ.

ಆಮೇಲೆ ತೇದಿ. ಮುನಿ ಮೇಘಚಂದ್ರ ತ್ರೈವಿದ್ಯದೇವರ ಕೊನೆಯ ದಿನ ಶಕ 1037, ಮನ್ಮಥ ಸಂವತ್ಸರ, ಮಾರ್ಗಶಿರ ಶುದ್ಧ 14, ಗುರುವಾರ. 78 ಕೂಡಿದರೆ 1115. ಸಂವತ್ಸರ ತಾಳೆಯಾಗುತ್ತದೆಯೇ? ಮನ್ಮಥ ಈಚೆಗೆ ಬಂದದ್ದು 2015ರಲ್ಲಿ. ನಡುವೆ 900 ವರ್ಷ, ಅಂದರೆ ಹದಿನೈದು ಅರವತ್ತು. ಕೂತಿತು. ವಾರವೂ ಹೊಂದಿ 1115ರ ಡಿಸೆಂಬರ್ 2 ಬರುತ್ತದೆ. ಫಾಲ್ಗುಣಕ್ಕೆ, ಬಹುಮಟ್ಟಿಗೆ ಮಾಘಕ್ಕೂ, 79 ಕೂಡಬೇಕು. ಅಷ್ಟರಲ್ಲಿ ಜನವರಿ 1 ದಾಟಿರುತ್ತದೆ. ಪುಷ್ಯ ಎರಡೂ ಕಡೆ ಬೀಳುತ್ತದೆ. ಕೆಲವು ಶಾಸನಗಳು ಪೂರ್ತಿ ಮುಗಿದ ಶಕವರ್ಷದ ಬದಲು ನಡೆಯುತ್ತಿರುವ ವರ್ಷವನ್ನು ಹೇಳುತ್ತವೆ, ಲೆಕ್ಕ ಒಂದು ವರ್ಷ ಮುಂದೆ ಹೋಗುತ್ತದೆ. ಆಗ ನಾನು ನಂಬುವುದು ಸಂವತ್ಸರವನ್ನು.

ಹೆಚ್ಚು ಎಡವುವುದು ಹೆಸರಿನಲ್ಲಿ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಹತ್ತಿರ, ಸುಮಾರು ಕ್ರಿ.ಶ. 600ರ ಬಂಡೆಯ ಮೇಲೆ ಒಬ್ಬ ಪ್ರಭಾಚಂದ್ರ. ಮೇಘಚಂದ್ರರ ಶಿಷ್ಯ, ಶಾಂತಲೆಯ ಗುರು ಇನ್ನೊಬ್ಬ ಪ್ರಭಾಚಂದ್ರ. ನಡುವೆ ಐನೂರು ವರ್ಷ! ಮೊದಲಿನವರೇ ಚಂದ್ರಗುಪ್ತ ಮೌರ್ಯ, ಅದು ದೀಕ್ಷಾನಾಮ ಎನ್ನುವವರಿದ್ದಾರೆ. ಆ ಬಂಡೆ ಹೇಳುವುದು ಇಷ್ಟೇ: ಉಜ್ಜಯಿನಿಯಲ್ಲಿ ಭದ್ರಬಾಹು ಹನ್ನೆರಡು ವರ್ಷದ ಕ್ಷಾಮ ನುಡಿದದ್ದು, ಸಂಘ ದಕ್ಷಿಣಕ್ಕೆ ಹೊರಟದ್ದು, ಕಟವಪ್ರದಲ್ಲಿ (ಚಿಕ್ಕಬೆಟ್ಟದ ಹಳೆಯ ಹೆಸರು) ಪ್ರಭಾಚಂದ್ರರ ಸಮಾಧಿ. ಚಂದ್ರಗುಪ್ತನ ಹೆಸರು ಅದರಲ್ಲಿಲ್ಲ. ಹಾಗಾಗಿ ‘ಬಂಡೆಯಲ್ಲಿ ಹೀಗಿದೆ’, ‘ಆಮೇಲಿನ ಕಥೆ ಹೀಗೆನ್ನುತ್ತದೆ’ ಎಂದು ಎರಡು ವಾಕ್ಯ ಮಾಡುತ್ತೇನೆ. ಎಲ್ಲದಕ್ಕೂ ‘ಎಂಬ ನಂಬಿಕೆಯಿದೆ’ ಅಂಟಿಸಿದರೆ ಓದುಗನಿಗೆ ಯಾರ ನಂಬಿಕೆ, ಯಾವಾಗಿನದು ಎಂಬುದೇ ತಿಳಿಯದು.

ಒಬ್ಬೊಬ್ಬರಿಗೆ ಒಂದೊಂದು ಚೀಟಿ: ಹೆಸರು, ಗುರು, ಗಣ-ಗಚ್ಛ (ಮುನಿಸಂಘದ ಶಾಖೆ, ಒಳಶಾಖೆ), ತೇದಿ. ಮೂರಾದರೂ ಹೊಂದದೆ ಇಬ್ಬರನ್ನು ಒಬ್ಬರಾಗಿಸುವುದಿಲ್ಲ. ದೇಸಿಗಣ, ಪುಸ್ತಕಗಚ್ಛ ಹೊಂದಿದ್ದು ಲೆಕ್ಕಕ್ಕಿಲ್ಲ. ಹೊಯ್ಸಳರ ಕಾಲದಲ್ಲಿ ಇಲ್ಲಿ ಹೆಚ್ಚಿನವರು ಆ ಗಚ್ಛದವರೇ.

ಪದಗಳಲ್ಲಿ ಉದಾರತೆ ಬೇಡ. ಉಪವಾಸದ ವ್ರತ ಹಿಡಿದು ದೇಹ ಬಿಡುವ ಸಲ್ಲೇಖನಕ್ಕೆ ‘ನಿಧನರಾದರು’ ಸಾಲದು, ‘ಆತ್ಮಹತ್ಯೆ’ ತಪ್ಪೇ ತಪ್ಪು. ‘ನೋಂತು ಮುಡಿಪ್ಪಿದರ್’ ಎಂದಿದ್ದರೆ ‘ವ್ರತ ಹಿಡಿದು ಮುಡಿಪಿದರು’, ಅಂದರೆ ದೇಹ ಬಿಟ್ಟರು, ಎನ್ನುತ್ತೇನೆ. ಶರಣರಿಗೆ ಲಿಂಗೈಕ್ಯ, ಮಾಧ್ವ ಯತಿಗಳಿಗೆ ಬೃಂದಾವನಸ್ಥ.

ಕಲ್ಲನ್ನು ಕಣ್ಣಾರೆ ಓದುವುದಾದರೆ ಬೆಳಗಿನ ಓರೆ ಬಿಸಿಲಿನಲ್ಲಿ ಹತ್ತಬೇಕು. ನಡುಹಗಲಲ್ಲಿ ಅಕ್ಷರದ ನೆರಳೇ ಬೀಳದು. ಸೀಮೆಸುಣ್ಣ ತುಂಬುವ ಚಟ ಬಿಡಿ: ಬಂಡೆಯ ಬಿರುಕೂ ಬೆಳ್ಳಗಾಗಿ ಅಕ್ಷರದ ಗೆರೆಯಂತೆಯೇ ಕಾಣುತ್ತದೆ.